ಬಚ್ಚಿಟ್ಟ ಡಬ್ಬಿಯ ಚರಿತ್ರೆ

ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಬೀವರ್‌ಕ್ರೀಕ್ ಎಂಬ ಊರಿದೆ. 2000ನೇ ಇಸವಿಯ ಮೇ 3ರಂದು ಆ ಊರಿನ ಸಮೀಪದ ಕಾಡಿನಲ್ಲಿ ಡೇವ್ ಉಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಕಪ್ಪು ಪ್ಲಾಸ್ಟಿಕ್ ಬಕೆಟ್ಟೊಂದನ್ನು ಅರ್ಧ ನೆಲದಲ್ಲಿ ಹೂತು ಬಂದರು. ಅದರಲ್ಲಿ ಪುಸ್ತಕ, ಸಾಫ್ಟ್‌ವೇರ್, ವಿಡಿಯೊ, ಒಂದಿಷ್ಟು ಹಣ, ರಬ್ಬರಿನ ಕವಣೆ, ಬೇಯಿಸಿದ ಬೀನ್ಸಿನ ತಗಡಿನ ಡಬ್ಬಿ ಮತ್ತು ಬಂದವರು ಹೆಸರು ಬರೆಯಲು ಒಂದು ಪುಸ್ತಕ ಇದ್ದವು. ಮನೆಗೆ ಬಂದು, ಬಕೆಟ್ ಇಟ್ಟ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದ ಚರ್ಚಾಬಳಗವೊಂದಕ್ಕೆ ತಿಳಿಸಿದರು. ಹುಡುಕಿ ತೆಗೆಯಿರಿ, ಏನಾದರೂ ತೆಗೆದುಕೊಳ್ಳಿ, ಬದಲಿಗೆ ಏನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ ಎಂಬುದಷ್ಟೇ ಆಟದ ನಿಯಮ. ಜಿಯೋಕ್ಯಾಶಿಂಗ್ ಎಂದು ಇಂದು ಕರೆಯಲಾಗುವ ಹವ್ಯಾಸದ ಮೊದಲ ಡಬ್ಬಿ ಈ ಬಕೆಟ್.

ಮೇ 3 ಎಂಬ ದಿನಾಂಕ ಆಕಸ್ಮಿಕವಲ್ಲ. ಉಪಗ್ರಹಗಳ ನೆರವಿನಿಂದ ಸ್ಥಳ ಗುರುತಿಸುವ ಜಿಪಿಎಸ್ ವ್ಯವಸ್ಥೆ ಅಮೆರಿಕದ ರಕ್ಷಣಾ ಇಲಾಖೆಯ ಸ್ವತ್ತು. ಶತ್ರುಗಳಿಗೆ ನೆರವಾಗಬಾರದೆಂದು ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ದೋಷ ಬೆರೆಸಲಾಗುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ 2000ದ ಮೇ 1ರ ನಡುರಾತ್ರಿ ಆ ಕಲಬೆರಕೆ ನಿಂತಿತು. ಅದುವರೆಗೆ 100 ಮೀಟರಿನಷ್ಟು ತಪ್ಪುತ್ತಿದ್ದ ಕೈಯಳತೆಯ ಯಂತ್ರಗಳು ಒಮ್ಮೆಗೇ ಹತ್ತಿಪ್ಪತ್ತು ಮೀಟರಿನೊಳಗೆ ಸ್ಥಳ ತೋರಿಸತೊಡಗಿದವು.

ಈ ಅಂತರ ಎಷ್ಟೆಂಬುದನ್ನು ಲೆಕ್ಕ ಹಾಕಿದರೆ ಡಬ್ಬಿಗಳ ಕತೆ ಅರ್ಥವಾಗುತ್ತದೆ. ಸುತ್ತ 100 ಮೀಟರು ಎಂದರೆ ಏಳೂವರೆ ಎಕರೆಗೂ ಮಿಕ್ಕಿದ ಜಾಗ. ಅಷ್ಟು ಕಾಡಿನಲ್ಲಿ ಬಕೆಟ್ ಹುಡುಕುವುದು ದಿನಗೂಲಿಯ ಕೆಲಸವಾದೀತೇ ಹೊರತು ಆಟವಾಗದು. ಸುತ್ತ 10 ಮೀಟರು ಎಂದರೆ ನಮ್ಮ ಬಡಾವಣೆಗಳ ಸುಮಾರು ಮೂರು 30–40 ಸೈಟುಗಳಷ್ಟೇ. ಅಲ್ಲಿ ಬಕೆಟ್ ಮುಚ್ಚಿಟ್ಟರೂ ಸಿಕ್ಕೇ ಸಿಗುತ್ತದೆ. ಸಿಗುವುದು ಸುಲಭವಾದ ಕೂಡಲೇ ಅಡಗಿಸುವವರ ಬುದ್ಧಿ ಚುರುಕಾಗಲೇಬೇಕಾಯಿತು. ಡಬ್ಬಿ ವರ್ಷದಿಂದ ವರ್ಷಕ್ಕೆ ಚಿಕ್ಕದಾದದ್ದಕ್ಕೂ ಚತುರವಾದದ್ದಕ್ಕೂ ಮೂಲ ಕಾರಣ ಇದೇ.

ಉಲ್ಮರ್ ಅವರ ಬಕೆಟ್ಟನ್ನು ಮೂರೇ ದಿನಗಳಲ್ಲಿ ಹುಡುಕಿದವರು ಮೈಕ್ ಟೀಗ್. ಅದೇ ಮೇ ತಿಂಗಳ ಕೊನೆಯಲ್ಲಿ ಮ್ಯಾಟ್ ಸ್ಟಮ್ ಎಂಬುವರು ‘ಜಿಯೋಕ್ಯಾಶಿಂಗ್’ ಎಂಬ ಹೆಸರನ್ನು ಸೂಚಿಸಿದರು. ಇಲ್ಲಿನ ‘ಕ್ಯಾಶ್’ಗೂ ಕಿಸೆಯ ಕಾಸಿಗೂ ಸಂಬಂಧವಿಲ್ಲ. ಅಡಗಿಸು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಪದವದು. ಉತ್ತರ ಅಮೆರಿಕದ ಕಾಡುಗಳಲ್ಲಿ ತುಪ್ಪಳಕ್ಕಾಗಿ ಬೇಟೆಯಾಡುತ್ತಿದ್ದವರು ದವಸಧಾನ್ಯ ಬಚ್ಚಿಡುತ್ತಿದ್ದ ತಾಣಕ್ಕೆ ಅದೇ ಹೆಸರು. ಆ ವರ್ಷದ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಅವರು ಈ ಆಟಕ್ಕಾಗಿಯೇ ತೆರೆದ ಜಾಲತಾಣದ ಪಟ್ಟಿಯಲ್ಲಿ ಇದ್ದದ್ದು 75 ಡಬ್ಬಿಗಳು. ಈಗ ಜಗತ್ತಿನಾದ್ಯಂತ 30 ಲಕ್ಷಕ್ಕೂ ಹೆಚ್ಚು ಇವೆ.

ಜೌಗಿನ ನಡುವಿನ ಬಾಟಲಿ

ಉಪಗ್ರಹವನ್ನು ಬದಿಗಿಟ್ಟು ನೋಡಿದರೆ ಈ ಆಟ ಹೊಸದೇನಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಡೆವನ್ ಪ್ರಾಂತ್ಯದಲ್ಲಿ, ಡಾರ್ಟ್‌ಮೂರ್ ಎಂಬ ವಿಶಾಲವಾದ ಬೋಳು ಬಯಲಿದೆ. ಷರ್ಲಾಕ್ ಹೋಮ್ಸ್ ಕತೆಗಳನ್ನು ಓದಿದವರಿಗೆ ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿ ಊಳಿಟ್ಟ ಪ್ರದೇಶವೆಂದರೆ ನೆನಪಾದೀತು. ಅಲ್ಲಿ ಚ್ಯಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಎಂಬುವರು ಪ್ರವಾಸಿಗರಿಗೆ ದಾರಿ ತೋರಿಸುವ ವೃತ್ತಿಯಲ್ಲಿದ್ದರು. 1854ರಲ್ಲಿ ಅವರು ಜೌಗುನೆಲದ ನಡುವಣ ಕ್ರಾನ್‌ಮಿಯರ್ ಪೂಲ್ ಎಂಬಲ್ಲಿ ಕಲ್ಲುಗಳ ಸಣ್ಣ ಗುಡ್ಡೆ ಮಾಡಿ, ಅದರಲ್ಲೊಂದು ಗಾಜಿನ ಬಾಟಲಿ ಇಟ್ಟರು. ಅಲ್ಲಿಯವರೆಗೆ ಕೆಸರು ತುಳಿದು ಬಂದವರು ತಮ್ಮ ವಿಸಿಟಿಂಗ್ ಕಾರ್ಡನ್ನು ಅದರೊಳಗೆ ಹಾಕಿ ಹೋಗಬಹುದಿತ್ತು. ಬಂದಿದ್ದೆವೆಂಬುದಕ್ಕೆ ಅದೇ ಸಾಕ್ಷಿ.

ಬಾಟಲಿಯ ಜಾಗಕ್ಕೆ ಮುಂದೆ ತಗಡಿನ ಪೆಟ್ಟಿಗೆ ಬಂತು, 1905ರಲ್ಲಿ ಹೆಸರು ಬರೆಯುವ ಪುಸ್ತಕ ಬಂತು, ರಬ್ಬರ್ ಮೊಹರು ಬಂತು. ತಮ್ಮದೇ ವಿಳಾಸ ಬರೆದ ಅಂಚೆ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಹೋಗುವುದು, ಮುಂದೆ ಬಂದವರು ಅದನ್ನು ಊರಿಗೆ ಒಯ್ದು ಅಂಚೆಗೆ ಹಾಕುವುದು ರೂಢಿಯಾಯಿತು. ಅಂಚೆ ಪೆಟ್ಟಿಗೆಯ ಹೆಸರೇ ಆಟಕ್ಕೂ ಅಂಟಿಕೊಂಡು ‘ಲೆಟರ್‌ಬಾಕ್ಸಿಂಗ್’ ಆಯಿತು. ಕಾರ್ಡು ಯಾವಾಗ ಮನೆ ಮುಟ್ಟುತ್ತದೆಂಬುದು ಮುಂದಿನ ಚಾರಣಿಗ ಯಾವಾಗ ಬರುತ್ತಾನೆಂಬುದನ್ನು ಅವಲಂಬಿಸಿತ್ತು. 1937ರಲ್ಲಿ ಸ್ಥಳೀಯ ಪತ್ರಿಕೆ ‘ವೆಸ್ಟರ್ನ್ ಮಾರ್ನಿಂಗ್ ನ್ಯೂಸ್’ ಓದುಗರಿಂದ ಹಣ ಕೂಡಿಸಿ ಕ್ರಾನ್‌ಮಿಯರ್‌ನಲ್ಲಿ ಕಲ್ಲಿನ ಪೆಟ್ಟಿಗೆಯನ್ನೇ ಕಟ್ಟಿಸಿತು. ಡಾರ್ಟ್‌ಮೂರ್ ಬಗ್ಗೆ ಹೆಸರಾಂತ ಕೈಪಿಡಿ ಬರೆದ ವಿಲಿಯಂ ಕ್ರಾಸಿಂಗ್ ಅವರ ಸ್ಮರಣೆಗಾಗಿ ಮರುವರ್ಷ ಡಕ್ಸ್ ಪೂಲ್ ಎಂಬಲ್ಲಿ ಇನ್ನೊಂದು ಪೆಟ್ಟಿಗೆ ಎದ್ದಿತು.

ಪೆರಟ್ ಅವರ ಬಾಟಲಿ ಅಡಗಿಸಿದ್ದಲ್ಲ ಎಂಬುದು ಗಮನಿಸಬೇಕಾದ ಅಂಶ. ಅಲ್ಲಿಗೆ ತಲುಪುವುದೇ ಕಷ್ಟವಾದ್ದರಿಂದ ಬೇರೆ ಗುಟ್ಟು ಬೇಕಿರಲಿಲ್ಲ. ಬಾಟಲಿಯ ಕೆಲಸ ಒಂದೇ, ಒಳಗಿನ ಕಾಗದವನ್ನು ಮಳೆಯಿಂದ ಕಾಪಾಡುವುದು. ನೂರೈವತ್ತು ವರ್ಷಗಳ ನಂತರವೂ ಡಬ್ಬಿ ಮಾಡುವವರ ನಿದ್ದೆಗೆಡಿಸುವುದು ಈ ಕಾಗದವೇ.

ಸೈನ್ಯದ ಪೆಟ್ಟಿಗೆ, ಫಿಲ್ಮಿನ ಡಬ್ಬಿ

ಬಕೆಟ್ಟಿನ ಕಾಲ ಬೇಗ ಮುಗಿಯಿತು. ಅಮೆರಿಕದ ಹವ್ಯಾಸಿಗಳು ಕಂಡುಕೊಂಡ ಉತ್ತರ ಸೈನ್ಯದ ಹಳೆಯ ಸಾಮಾನಿನ ಅಂಗಡಿಗಳಲ್ಲಿತ್ತು. ಗುಂಡುಗಳನ್ನು ತುಂಬಿಡುವ ಉಕ್ಕಿನ ಪೆಟ್ಟಿಗೆ, ಮುಚ್ಚಳದ ಒಳಗೆ ರಬ್ಬರಿನ ಪಟ್ಟಿ, ಬಿಗಿಯಾಗಿ ಕೂರಿಸುವ ಕೊಂಡಿ. ಮದ್ದು ಒದ್ದೆಯಾಗಬಾರದೆಂದು ಮಾಡಿದ ಪೆಟ್ಟಿಗೆಯಲ್ಲಿ ಪುಸ್ತಕವೂ ಒದ್ದೆಯಾಗಲಿಲ್ಲ. ಹಿಮ, ಮಳೆ, ಇಲಿಹೆಗ್ಗಣ ಯಾವುದಕ್ಕೂ ಜಗ್ಗದ ಇದು ಬಹುಕಾಲ ಈ ಆಟದ ರಾಜನಂತೆ ಮೆರೆಯಿತು. ಮೈಮೇಲೆ ಮದ್ದುಗುಂಡಿನ ವಿವರ ಬರೆದ ಹಸಿರು ಪೆಟ್ಟಿಗೆಯನ್ನು ಪೊದೆಯಲ್ಲಿ ಕಂಡ ಸಾಮಾನ್ಯನ ಗತಿಯೇನು? ಅದಕ್ಕೆಂದೇ ಆ ಅಕ್ಷರಗಳನ್ನು ಬಣ್ಣ ಬಳಿದು ಅಳಿಸಬೇಕೆಂಬ ಕಟ್ಟಳೆ ಬಂತು.

ಪಟ್ಟಣದಲ್ಲಿ ಅಷ್ಟು ದೊಡ್ಡ ಪೆಟ್ಟಿಗೆಗೆ ಜಾಗವಿಲ್ಲ. ಅಲ್ಲಿ 35 ಮಿಲಿಮೀಟರ್ ಫಿಲ್ಮ್ ರೋಲಿನ ಪ್ಲಾಸ್ಟಿಕ್ ಡಬ್ಬಿ ಕೈಹಿಡಿಯಿತು. ನಮ್ಮ ಮನೆಗಳಲ್ಲೂ ಒಂದು ಕಾಲಕ್ಕೆ ಕುಂಕುಮ, ಗುಂಡುಸೂಜಿ, ಚಿಲ್ಲರೆ ಕಾಸು ತುಂಬಿಕೊಂಡಿದ್ದ ಅದೇ ಡಬ್ಬಿ. ಸ್ಟುಡಿಯೊಗಳಲ್ಲಿ ಬಿಟ್ಟಿ ಸಿಗುತ್ತಿದ್ದುದು ಅದರ ದೊಡ್ಡ ಗುಣ, ನೀರು ಬಿಡುತ್ತಿದ್ದುದು ದೊಡ್ಡ ದೋಷ. ಮುಚ್ಚಳ ಹೊರಗಿನಿಂದ ಕವಿಯುವ ಕಪ್ಪು ಡಬ್ಬಿಗಿಂತ, ಬಾಯೊಳಗೆ ಇಳಿದು ಕೂರುವ ಮುಚ್ಚಳದ ಬಿಳಿ ಡಬ್ಬಿ ವಾಸಿ ಎಂಬುದನ್ನು ಹವ್ಯಾಸಿಗಳು ಬಹಳಷ್ಟು ಕಾಗದ ಕೊಳೆಸಿಕೊಂಡ ಮೇಲೆ ಕಲಿತರು. ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮ್ ಮಾಯವಾದಾಗ ಈ ಡಬ್ಬಿಯೂ ಅಪರೂಪವಾಯಿತು. ಆ ಸ್ಥಾನಕ್ಕೆ ಬಂದವುಗಳಲ್ಲಿ ಒಂದು ಬಹಳ ಸ್ವಾರಸ್ಯದ್ದು. ತಂಪು ಪಾನೀಯದ ಬಾಟಲಿಯನ್ನು ಕಾರ್ಖಾನೆಯಲ್ಲಿ ಊದಿ ಉಬ್ಬಿಸುವುದಕ್ಕೆ ಮುಂಚೆ ಅದು ಪ್ರಯೋಗಶಾಲೆಯ ಗಾಜಿನ ನಳಿಗೆಯ ಆಕಾರದಲ್ಲಿರುತ್ತದೆ. ದಪ್ಪ ಗೋಡೆ, ತಿರುಪಿನ ಬಾಯಿ, ಮಾಮೂಲಿ ಬಾಟಲಿಯ ಬಿರಡೆಯೇ ಅದಕ್ಕೂ ಸರಿ. ಜರ್ಮನಿಯ ಹವ್ಯಾಸಿಗಳು ಇದಕ್ಕೆ ‘ಪೆಟ್ಲಿಂಗ್’ ಎಂದು ಮುದ್ದಿನ ಹೆಸರಿಟ್ಟಿದ್ದಾರೆ. ನೀರು ಹೊಕ್ಕಿತೆಂಬ ದೂರು ಇದರ ಮೇಲೆ ಕಡಿಮೆ.

ಕೈಕೆಲಸದ ಕುತಂತ್ರ

ಕೊಂಡ ಡಬ್ಬಿಯಲ್ಲಿ ಎಲ್ಲರಿಗೂ ತೃಪ್ತಿಯಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಡ್ರಿಲ್ಲು, ಅಂಟು, ಬಣ್ಣ ಹಿಡಿದು ಕೂತವರದೇ ಬೇರೆ ಪಂಥ. ಸಿಮೆಂಟಿನಲ್ಲಿ ಎರಕ ಹೊಯ್ದ ಪೊಳ್ಳು ಕಲ್ಲು, ಒಳಗೆ ಕೊರೆದ ಮರದ ಕೊಂಬೆ, ತೊಗಟೆ ಅಂಟಿಸಿದ ಡಬ್ಬಿ, ಪೈನ್ ಕಾಯಿಯ ಹೊಟ್ಟೆಯಲ್ಲಿ ಹುದುಗಿಸಿದ ನಳಿಗೆ ಇವೆಲ್ಲ ಸಾಮಾನ್ಯ. ದೊಡ್ಡ ಬೋಲ್ಟಿನ ಒಳಗನ್ನು ಕೊರೆದು, ಬುಡಕ್ಕೆ ಅಯಸ್ಕಾಂತ ಕೂರಿಸಿ, ಕಬ್ಬಿಣದ ಸೇತುವೆಯ ಮೇಲೆ ನಿಜವಾದ ಬೋಲ್ಟುಗಳ ಸಾಲಿನಲ್ಲಿ ಅಂಟಿಸಿದರೆ, ದಿನವೂ ಅದರ ಪಕ್ಕದಲ್ಲೇ ಓಡಾಡುವವರಿಗೂ ಗುಮಾನಿ ಬಾರದು. ಕಾಳಿನ ಗಾತ್ರದ ಡಬ್ಬಿಗಳೂ ಉಂಟು. ಅವುಗಳಲ್ಲಿನ ಕಾಗದ ಒಂದು ಎಳೆಯಂತೆ ಸುತ್ತಿರುವುದರಿಂದ ಹೊರತೆಗೆಯಲು ಚಿಮುಟ ಬೇಕು.

ಇನ್ನು ಕೆಲವು ಕಣ್ಣಿಗೆ ಕಂಡರೂ ಕೈಗೆ ಸಿಗದಂಥವು. ಉದ್ದನೆಯ ಪಿವಿಸಿ ಪೈಪಿನ ತಳ ಮುಚ್ಚಿ, ಬುಡದಲ್ಲಿ ಒಂದು ಸಣ್ಣ ತೂತು ಬಿಟ್ಟು, ನೆಟ್ಟಗೆ ಕಂಬಕ್ಕೆ ಕಟ್ಟಿರುತ್ತಾರೆ. ಡಬ್ಬಿ ಇರುವುದು ಪೈಪಿನ ತಳದಲ್ಲಿ, ಕೈ ಹೋಗದು. ಹುಡುಕಿ ಬಂದವರು ತೂತಿಗೆ ಬೆರಳು ಒತ್ತಿ ಹಿಡಿದು ಮೇಲಿನಿಂದ ನೀರು ಸುರಿಯಬೇಕು. ಡಬ್ಬಿ ತೇಲುತ್ತ ಬಾಯಿಗೆ ಬರುತ್ತದೆ. ಬೆರಳು ತೆಗೆದೊಡನೆ ನೀರು ಹರಿದು, ಮುಂದಿನವರಿಗಾಗಿ ಎಲ್ಲ ಮೊದಲಿನಂತೆ. ಹೂಜಿಗೆ ಕಲ್ಲು ಹಾಕಿ ನೀರು ಮೇಲೆ ತಂದ ಕಾಗೆಯ ಕತೆ ಕೇಳಿ ಬೆಳೆದವರು ಇದನ್ನು ಬಿಡಿಸಲು ಹೆಚ್ಚು ಹೊತ್ತು ಹಿಡಿಯಲಿಕ್ಕಿಲ್ಲ. ಬಾಟಲಿಯಲ್ಲಿ ನೀರು ಒಯ್ದಿರಬೇಕು, ಅಷ್ಟೆ.

ಆದರೆ ಕಳ್ಳತನದ ಈ ಜಾಣ್ಮೆ ಎಷ್ಟು ಹೆಚ್ಚಿತೋ ಅಷ್ಟೇ ತಲೆನೋವೂ ಹೆಚ್ಚಿತು. ಹುಸಿ ಬೋಲ್ಟ್ ಒಮ್ಮೆ ಕಂಡವರು ಮುಂದಿನ ಸೇತುವೆಯಲ್ಲಿ ನಿಜವಾದ ಬೋಲ್ಟನ್ನೇ ತಿರುಚಿ ನೋಡುತ್ತಾರೆ. ಹುಸಿ ವಿದ್ಯುತ್ ಪೆಟ್ಟಿಗೆ ಮಾಡಿಟ್ಟರಂತೂ ನಿಜವಾದ ಪೆಟ್ಟಿಗೆಗೆ ಕೈ ಹಾಕುವವರ ಜೀವಕ್ಕೇ ಸಂಚಕಾರ. ಇಂಥ ಡಬ್ಬಿ ಎಷ್ಟೇ ಚೆನ್ನಾಗಿದ್ದರೂ ಒಳ್ಳೆಯ ಕೆಲಸವೆನ್ನಲು ಬಾರದು.

2011ರ ಜುಲೈನಲ್ಲಿ ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನ ವೆದರ್‌ಬಿ ಪಟ್ಟಣದಲ್ಲಿ ನಡೆದ ಘಟನೆ ಈ ಹವ್ಯಾಸಿಗಳಿಗೆಲ್ಲ ಎಚ್ಚರಿಕೆಯ ಗಂಟೆಯಾಯಿತು. ಕೆಫೆಯೊಂದರ ಹೊರಗೆ ಯಾರೋ ಏನನ್ನೋ ಇಡುತ್ತಿರುವುದನ್ನು ಕಂಡವರು ಪೊಲೀಸರಿಗೆ ತಿಳಿಸಿದರು. ರಸ್ತೆ ಬಂದ್ ಆಯಿತು, ಬಾಂಬ್ ನಿಷ್ಕ್ರಿಯ ದಳ ಬಂತು, ಡಬ್ಬಿಯನ್ನು ಸ್ಫೋಟಿಸಲಾಯಿತು. ಚೂರುಗಳಲ್ಲಿ ಸಿಕ್ಕಿದ್ದು ಆಟದ ಸಾಮಾನು. ಬೆಂಗಳೂರು ಸೇರಿದಂತೆ ಭಾರತದ ನಗರಗಳಲ್ಲೂ ಜಿಯೋಕ್ಯಾಶ್‌ಗಳಿವೆ. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿ ಎಂಬ ಧ್ವನಿವರ್ಧಕದ ಘೋಷಣೆಯನ್ನು ರೈಲು ನಿಲ್ದಾಣಗಳಲ್ಲಿ ದಿನವೂ ಕೇಳುವ ನಮ್ಮ ಜನರಿಗೆ ವೆದರ್‌ಬಿಯ ಗಾಬರಿ ಅತಿಯೆನಿಸದು. ಈಗ ಅನುಭವಿಗಳು ಕೊಡುವ ಸಲಹೆ ಸ್ಪಷ್ಟವಾಗಿದೆ: ಜಾಗದ ಒಡೆಯರ ಅನುಮತಿ ಪಡೆಯಿರಿ, ಶಾಲೆ, ರೈಲು ಹಳಿ, ಸರ್ಕಾರಿ ಕಟ್ಟಡಗಳಿಂದ ದೂರವಿರಿ, ಎರಡು ಕಡೆ ಮುಚ್ಚಿದ ಪೈಪಿನ ತುಂಡನ್ನು ಇಡಬೇಡಿ, ಒಳಗೇನಿದೆಯೆಂದು ಕಾಣುವ ಪಾರದರ್ಶಕ ಡಬ್ಬಿ ಬಳಸಿ, ಮೇಲೆ ‘ಜಿಯೋಕ್ಯಾಶ್’ ಎಂದು ಬರೆಯಿರಿ. ಬಚ್ಚಿಟ್ಟದ್ದೇ ತನ್ನ ಹೆಸರು ಹೇಳಿಕೊಳ್ಳಬೇಕಾದ ವಿಚಿತ್ರ ಪರಿಸ್ಥಿತಿ ಇದು.

ಕಾಡಿನ ಪರವಾಗಿಯೂ ಕಟ್ಟಳೆಗಳು ಹುಟ್ಟಿವೆ. ನೆಲ ಅಗೆಯುವಂತಿಲ್ಲ, ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ವಾಸನೆಗೆ ಪ್ರಾಣಿಗಳು ಬರುವುದರಿಂದ ತಿಂಡಿ ಇಡುವಂತಿಲ್ಲ. ಈ ಲೆಕ್ಕದಲ್ಲಿ ಹೂತಿಟ್ಟ, ಬೀನ್ಸ್ ತುಂಬಿದ್ದ ಉಲ್ಮರ್ ಅವರ ಬಕೆಟ್ ಇಂದು ಅನುಮತಿಯನ್ನೇ ಪಡೆಯುತ್ತಿರಲಿಲ್ಲ. (ಆ ಬೀನ್ಸಿನ ಡಬ್ಬಿ ಮಾತ್ರ ಉಳಿದುಕೊಂಡಿದ್ದು, ಹವ್ಯಾಸಿಗಳ ಕೂಟಗಳಲ್ಲಿ ಪೂಜ್ಯವಸ್ತುವಿನಂತೆ ಪ್ರದರ್ಶನಗೊಂಡಿದೆ.) ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಮೊದಲ ವರ್ಷಗಳಲ್ಲಿ ಡಬ್ಬಿಗಳಿಗೆ ತನ್ನ ನೆಲದಲ್ಲಿ ಜಾಗ ಕೊಡಲಿಲ್ಲ. 2004ರಲ್ಲಿ ಆರಂಭವಾದ ‘ಅರ್ತ್‌ಕ್ಯಾಶ್’ ಎಂಬ ಬಗೆಯಲ್ಲಿ ಡಬ್ಬಿಯೇ ಇಲ್ಲ. ಬಂಡೆಯ ಮುಂದೆ ನಿಂತು ಅದರ ಭೂವಿಜ್ಞಾನದ ಪ್ರಶ್ನೆಗೆ ಉತ್ತರ ಹೇಳಿದರೆ ಸಾಕು.

ಡಬ್ಬಿ ಆಕಾಶಕ್ಕೂ ಏರಿದೆ. 2008ರ ಅಕ್ಟೋಬರಿನಲ್ಲಿ ಕಂಪ್ಯೂಟರ್ ಆಟಗಳ ವಿನ್ಯಾಸಕ ರಿಚರ್ಡ್ ಗ್ಯಾರಿಯಟ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಪ್ರವಾಸ ಹೋದಾಗ ಅಲ್ಲಿನ ರಷ್ಯನ್ ವಿಭಾಗದ ಒಂದು ಲಾಕರನ್ನೇ ಜಿಯೋಕ್ಯಾಶ್ ಎಂದು ಘೋಷಿಸಿದರು. 2021ರ ಫೆಬ್ರವರಿಯಲ್ಲಿ ಮಂಗಳದ ಮೇಲಿಳಿದ ‘ಪರ್ಸಿವಿಯರೆನ್ಸ್’ ವಾಹನದಲ್ಲಿ, ಉಪಕರಣದ ಅಳತೆ ಸರಿನೋಡಲು ಇಟ್ಟ ಹೆಲ್ಮೆಟ್ಟಿನ ಪಾರದರ್ಶಕ ಮುಖಪಟ್ಟಿಯ ತುಂಡಿನ ಮೇಲೆ ಹವ್ಯಾಸಿಗಳಿಗೆಂದೇ ಒಂದು ಸಂಕೇತವಿದೆ.

ಭೂಮಿಯ ಮೇಲಿನ ಡಬ್ಬಿಗಳಿಗೆ ಅಷ್ಟು ಅದೃಷ್ಟವಿಲ್ಲ. ಪ್ರತಿ ಮಳೆಗಾಲದ ನಂತರ ಇಟ್ಟವರೇ ಹೋಗಿ ಮುಚ್ಚಳ ತೆರೆದು ನೋಡಬೇಕು, ಒದ್ದೆ ಕಾಗದ ತೆಗೆದು ಒಣ ಕಾಗದ ಸುರುಳಿ ಸುತ್ತಿ ಇಡಬೇಕು, ಸವೆದ ರಬ್ಬರು ಬದಲಿಸಬೇಕು. ದೂರು ಬಂದರೂ ಸರಿಪಡಿಸದಿದ್ದರೆ ಡಬ್ಬಿಯ ಹೆಸರು ಪಟ್ಟಿಯಿಂದ ಹೋಗುತ್ತದೆ. ಇಟ್ಟವರು ಅದನ್ನು ಮನೆಗೆ ಒಯ್ಯಬೇಕು.