ಬ್ಲಾಕ್ ಎಷ್ಟು ಪರ್ಸೆಂಟ್ ಅನ್ನೋದಕ್ಕಿಂತ ಪೊರೆ ಎಷ್ಟು ತೆಳು ಅನ್ನೋದು ಮುಖ್ಯ

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೋವಿಡ್ ಲಸಿಕೆಯ ಮೇಲೆ ಅನುಮಾನ ಪಟ್ಟರು. ಸರ್ಕಾರವೇ ನೇಮಿಸಿದ, ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಅಂಥ ಸಂಬಂಧ ಕಂಡುಬಂದಿಲ್ಲ ಎಂದು ವರದಿ ಕೊಟ್ಟಿತು. ಲಸಿಕೆಯ ಜಗಳದಲ್ಲಿ ಬದಿಗೆ ಸರಿದ ಪ್ರಶ್ನೆಯೊಂದು ನನ್ನನ್ನು ಕಾಡುತ್ತಲೇ ಇದೆ: ಟ್ರೆಡ್‌ಮಿಲ್ ಟೆಸ್ಟ್ ನಾರ್ಮಲ್ ಇದ್ದವರಿಗೂ ಹಾರ್ಟ್ ಅಟ್ಯಾಕ್ ಆಗೋದು ಹೇಗೆ?

ರಕ್ತನಾಳ ಅಂದ್ರೆ ಪೈಪು, ಒಳಗೆ ಕೊಬ್ಬು ಕಟ್ಟಿಕೊಳ್ಳುತ್ತೆ, ಒಂದಿನ ಪೂರ್ತಿ ಮುಚ್ಚಿಹೋಗುತ್ತೆ ಅಂತ ನಾವು ಅಂದುಕೊಂಡಿದ್ದೇವೆ. ಈ ಚಿತ್ರವೇ ದಾರಿ ತಪ್ಪಿಸುತ್ತದೆ. ಕೊಬ್ಬು ಸೇರೋದು ಪೈಪಿನ ಒಳಮೈ ಮೇಲಲ್ಲ, ಗೋಡೆಯ ಒಳಗೆ. ಅಲ್ಲಿ ಮೆತ್ತನೆಯ ತಿರುಳು, ಅದರ ಮೇಲೊಂದು ನಾರಿನ ಪೊರೆ. (ವೈದ್ಯರು ಬಳಸುವ 'ಅಥೆರೋಮಾ' ಪದದ ಗ್ರೀಕ್ ಮೂಲಕ್ಕೆ ಗಂಜಿ ಅಂತಲೇ ಅರ್ಥ.) ಪ್ಲಾಕ್ ಬೆಳೆದಂತೆ ನಾಳ ಹೊರಗಡೆಗೆ ಉಬ್ಬಿ ಜಾಗ ಮಾಡಿಕೊಡುತ್ತದೆ. ನಾಳದ ಸುಮಾರು 40 ಪರ್ಸೆಂಟ್ ಜಾಗವನ್ನು ಪ್ಲಾಕ್ ಆಕ್ರಮಿಸುವವರೆಗೂ ರಕ್ತ ಹರಿಯುವ ದಾರಿ ಹೆಚ್ಚು ಕಿರಿದಾಗೋದಿಲ್ಲ ಎಂದು ಗ್ಲಾಗೋವ್ ತಂಡ 1987ರಲ್ಲೇ ತೋರಿಸಿತು. ಟ್ರೆಡ್‌ಮಿಲ್ ಟೆಸ್ಟ್ ಹಿಡಿಯೋದು ರಕ್ತದ ಹರಿವಿನ ಕೊರತೆಯನ್ನು. ಹರಿವು ಚೆನ್ನಾಗಿದ್ದರೆ ಅದಕ್ಕೆ ಏನೂ ಕಾಣೋದಿಲ್ಲ.

ಅಪಾಯ ಇರೋದು ಆ ಪೊರೆಯಲ್ಲಿ. ಇಲ್ಲಿಂದ ಮುಂದೆ ಇದು ವೈದ್ಯಕೀಯಕ್ಕಿಂತ ಸಿವಿಲ್ ಎಂಜಿನಿಯರಿಂಗ್‌ಗೆ ಹತ್ತಿರದ ವಿಷಯ. ಗೋಡೆಯ ಮೇಲಿನ ಎಳೆತ, ಒಳಗಿನ ಒತ್ತಡವನ್ನು ನಾಳದ ತ್ರಿಜ್ಯದಿಂದ ಗುಣಿಸಿ ಗೋಡೆಯ ದಪ್ಪದಿಂದ ಭಾಗಿಸಿದಷ್ಟು. ಮೆತ್ತನೆಯ ತಿರುಳು ಭಾರ ಹೊರೋದಿಲ್ಲ, ಆ ಪಾಲೂ ಪೊರೆಯ ಮೇಲೇ ಬೀಳುತ್ತದೆ. ನಮ್ಮ 120ರ ಬಿಪಿ ಅಂದ್ರೆ ಸುಮಾರು 16 ಕಿಲೋಪಾಸ್ಕಲ್. ತೆಳುವಾದ ಪೊರೆಯಲ್ಲಿ ಎಳೆತ 300 ಕಿಲೋಪಾಸ್ಕಲ್ ದಾಟಬಹುದು, ಹೆಚ್ಚುಕಡಿಮೆ 19 ಪಟ್ಟು! 1993ರ ಅಧ್ಯಯನವೊಂದು ಈ 300ನ್ನೇ ಅಪಾಯದ ಗಡಿ ಎಂದು ಗುರುತಿಸಿತು. ಮರಣೋತ್ತರ ಪರೀಕ್ಷೆಗಳಲ್ಲಿ ಹರಿದ ಪೊರೆಗಳ ದಪ್ಪ ಸಾಮಾನ್ಯವಾಗಿ 65 ಮೈಕ್ರಾನ್‌ಗಿಂತ ಕಡಿಮೆ ಇತ್ತು, ಅಂದರೆ ಒಂದು ತಲೆಗೂದಲಿನಷ್ಟು. ಹರಿಯೋದು ಬಹಳ ಸಲ ಪ್ಲಾಕ್‌ನ ಅಂಚಿನಲ್ಲಿ, ಪೊರೆ ಆರೋಗ್ಯವಂತ ಗೋಡೆಗೆ ಸೇರುವ ಕಡೆ. ಪೊರೆಯೊಳಗೆ ಸಿಕ್ಕಿಕೊಂಡ, ಕಣ್ಣಿಗೆ ಕಾಣದ ಸುಣ್ಣದ ಹರಳೊಂದು ಸುತ್ತಲಿನ ಎಳೆತವನ್ನು ಎರಡು ಪಟ್ಟು ಮಾಡಬಲ್ಲದು.

ಎಳೆತ ಒಂದೇ ಸಾಲದು, ಬಲವೂ ಕುಗ್ಗಬೇಕು. ಉರಿಯೂತದ ಕೋಶಗಳು ಬಿಡುವ ಕಿಣ್ವಗಳು ಪೊರೆಯ ಕೊಲಾಜನ್ ನಾರನ್ನು ತಿನ್ನುತ್ತಾ ಬರುತ್ತವೆ. ಹೃದಯ ದಿನಕ್ಕೆ ಲಕ್ಷ ಸಲ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಅದೇ ಜಾಗದಲ್ಲಿ ಒಂದು ಎಳೆತ. ಜಿಮ್‌ನಲ್ಲಿ ಕುಸಿದುಬಿದ್ದರೆ ನಾವು ಜಿಮ್ಮನ್ನು ಬೈತೀವಿ. ಅಲ್ಲಿ ಏರಿದ ಬಿಪಿ ಕೊನೆಯ ತಳ್ಳು ಇರಬಹುದು, ಆದರೆ ಪೊರೆ ಸವೆದಿರುವುದು ಬಹಳ ಹಿಂದಿನಿಂದ. ಪೊರೆ ಹರಿಯದೆ ಬರೀ ಮೇಲ್ಪದರ ಕಿತ್ತು ಹೆಪ್ಪುಗಟ್ಟುವುದೂ ಉಂಟು. ಸಿಗರೇಟು ಸೇದುವವರಲ್ಲಿ, ಕಿರಿಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅದು ಹೆಚ್ಚು.

ಇದರಲ್ಲಿ ರಾಜಕೀಯ ಎಲ್ಲಿದೆ? ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದರಲ್ಲಿ. ಅಟ್ಯಾಕ್ ಆಗುತ್ತಿರುವಾಗ ಹಾಕುವ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ಸ್ಥಿರವಾಗಿರುವ ರೋಗಿಗಳಲ್ಲಿ ಸ್ಟೆಂಟ್ ಹಾಕಿದ್ದರಿಂದ ಸಾವಾಗಲಿ ಅಟ್ಯಾಕ್ ಆಗಲಿ ಕಡಿಮೆಯಾಗಲಿಲ್ಲ ಅಂತ 2,287 ಜನರ 'ಕರೇಜ್' ಅಧ್ಯಯನ 2007ರಲ್ಲೇ ಹೇಳಿತು. ಕಿರಿದಾದ ಜಾಗ ಒಂದು, ಹರಿಯುವ ಜಾಗ ಇನ್ನೊಂದು ಆಗಿದ್ದರೆ ಹಾಗಾಗೋದು ಸಹಜ. ಪೊರೆಯನ್ನು ದಪ್ಪ ಮಾಡೋದು ಸ್ಟ್ಯಾಟಿನ್ ಮಾತ್ರೆ, ಎಳೆತ ಇಳಿಸೋದು ಬಿಪಿ ಮಾತ್ರೆ. ಎರಡೂ ಅಗ್ಗ. ಸ್ಟೆಂಟ್ ಬೆಲೆಗೆ 2017ರಲ್ಲಿ ಕೇಂದ್ರ ಮಿತಿ ಹಾಕಿದಾಗ ಆದಷ್ಟು ಚರ್ಚೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಮಾತ್ರೆಗಳು ತಿಂಗಳು ತಪ್ಪದೆ ಸಿಗ್ತಾವಾ ಅನ್ನೋದರ ಬಗ್ಗೆ ಆಗಿದ್ದನ್ನ ನಾನಂತೂ ಕಂಡಿಲ್ಲ.

ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಒಳ್ಳೆಯ ಕೆಲಸ. ಆದರೆ ಅದು ಹೆಪ್ಪನ್ನು ಕರಗಿಸುತ್ತದೆ, ಹರಿದ ಪೊರೆಯನ್ನು ಹೊಲಿಯುವುದಿಲ್ಲ. ಆಮೇಲೆ ಆಂಜಿಯೋಗ್ರಾಮ್ ಇರುವ ಆಸ್ಪತ್ರೆಗೆ ಹೋಗಲೇಬೇಕು. ನಿಮ್ಮ ತಾಲ್ಲೂಕಿನಿಂದ ಅಲ್ಲಿಗೆ ಆಂಬುಲೆನ್ಸ್ ಎಷ್ಟು ಹೊತ್ತಿಗೆ ಮುಟ್ಟುತ್ತೆ ಅಂತ ನಿಮ್ಮ ಶಾಸಕರನ್ನು ಕೇಳಿ ನೋಡಿ.