ಗ್ರೀಕ್ ಪ್ರಹಸನದ ಕನ್ನಡ ಮಾತು: ಒಂದು ವಾದದ ಚರಿತ್ರೆ

ಏಳನೆಯ ತರಗತಿಯ ಮಕ್ಕಳಿಗೆ ವಾದಾತ್ಮಕ ಪ್ರಬಂಧ ಕಲಿಸುವಾಗ ನಾವು ಕೊಡುವ ವಿಷಯ ‘ವಿಜ್ಞಾನ ವರವೋ ಶಾಪವೋ’ ಎಂಬಂಥದು. ಉತ್ತರ ಮೊದಲೇ ಸಿದ್ಧವಿರುತ್ತದೆ. ಮಗು ಅದನ್ನು ಅಂದವಾಗಿ ಜೋಡಿಸುತ್ತದೆ, ಅಷ್ಟೆ. ಕಾಸರಗೋಡಿನ ಕನ್ನಡದ ಮಕ್ಕಳಿಗೆ ಇಷ್ಟು ಸಾಲದು. ತಮ್ಮ ನುಡಿಯ ಹಕ್ಕನ್ನು ಅರ್ಜಿಯಲ್ಲಿಯೂ ಸಭೆಯಲ್ಲಿಯೂ ಸಮರ್ಥಿಸಬೇಕಾದ ಕಾಲ ಅವರಿಗೆ ಬೇಗನೆ ಒದಗುತ್ತದೆ. ಆದ್ದರಿಂದ ನಾನು ತರಗತಿಯಲ್ಲಿ ಹಳೆಯದೊಂದು ವಿದ್ವತ್ ವಾದವನ್ನೇ ಪಾಠವಾಗಿ ಇಡುತ್ತ ಬಂದಿದ್ದೇನೆ.

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ಹಾಳೆಯೊಂದನ್ನು 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದರು. ಅದರಲ್ಲಿದ್ದುದು, ಸುಮಾರು ಎರಡನೆಯ ಶತಮಾನದಲ್ಲಿ ಬರೆದ ಒಂದು ಗ್ರೀಕ್ ಪ್ರಹಸನ. ಭಾರತದ ಕಡಲತೀರದಲ್ಲಿ ಸೆರೆಯಾದ ಕರಿಟಿಯನ್ ಎಂಬ ಗ್ರೀಕ್ ತರುಣಿಯನ್ನು ಬಿಡಿಸಿಕೊಂಡು ಹೋಗಲು ಅವಳ ಕಡೆಯವರು ಇಲ್ಲಿಯ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಮೈಮರೆಸುತ್ತಾರೆ. ಆ ರಾಜಪರಿವಾರದವರು ಆಡುವ ಮಾತು ಗ್ರೀಕ್ ಅಲ್ಲ. ಹಾಗಾದರೆ ಯಾವುದು?

1904ರಲ್ಲಿ, ಹಿಂದೆ ಮದ್ರಾಸಿನಲ್ಲಿ ಸರ್ಕಾರದ ಶಾಸನತಜ್ಞರಾಗಿದ್ದ ಹುಲ್ಟ್ಶ್ ಅದು ಕನ್ನಡವೆಂದರು. ಮದ್ಯದ ಸಂದರ್ಭದ ಒಂದು ಮಾತನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಓದಿದರು. ಓದಿಗೂ ಸನ್ನಿವೇಶಕ್ಕೂ ಎಷ್ಟು ಚೆನ್ನಾಗಿ ಹೊಂದಿಕೆಯಾಯಿತು! ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಶಾಮಶಾಸ್ತ್ರಿಗಳು ಇದೇ ಪಕ್ಷವನ್ನು ಬೆಳೆಸಿದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಘಟನೆ ನಡೆದುದು ಮಲ್ಪೆಯಲ್ಲಿ ಎಂದು ಊಹಿಸಿದವರೂ ಉಂಟು.

1926ರಲ್ಲಿ ಬಾರ್ನೆಟ್ ಇದನ್ನು ನಿರಾಕರಿಸಿದರು. ಇವರು ಕನ್ನಡವರಿಯದವರಲ್ಲ, ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ ಗ್ರಂಥಗಳ ಪಟ್ಟಿಯನ್ನು ಸಿದ್ಧಪಡಿಸಿದವರು. ನನ್ನ ಪಾಠ ಆರಂಭವಾಗುವುದು ಇಲ್ಲಿಂದಲೇ. ಪ್ರತಿಪಕ್ಷದವನು ಅಜ್ಞಾನಿ ಎಂದು ಬರೆದ ಹುಡುಗನ ಪುಟವನ್ನು ನಾನು ಹಿಂದಿರುಗಿಸುತ್ತೇನೆ.

ಆಕ್ಷೇಪಗಳನ್ನು ಮಕ್ಕಳಿಂದಲೇ ಹೊರಡಿಸಬಹುದು. ಆ ಕಾಲದ ಗ್ರೀಕ್ ಬರವಣಿಗೆಯಲ್ಲಿ ಪದಗಳ ನಡುವೆ ಬಿಡುವಿಲ್ಲ. ಎಲ್ಲಿ ಕಡಿದರೂ ಒಂದು ಪದ ಸಿಕ್ಕೀತು. ನಮ್ಮ ಳಕಾರವನ್ನು ಬರೆಯಲು ಗ್ರೀಕ್ ಲಿಪಿಯಲ್ಲಿ ಅಕ್ಷರವೇ ಇಲ್ಲ. ಇನ್ನು ‘ಹಾಕಿ’ ಎಂಬ ರೂಪ: ಕನ್ನಡದ ಪಕಾರ ಹಕಾರವಾದದ್ದು ಎಷ್ಟೋ ಶತಮಾನಗಳ ಅನಂತರ. ಹಳೆಯದೆಂದು ಸಾಧಿಸಹೊರಟವನು ಹೊಸಗನ್ನಡದ ರೂಪವನ್ನು ಸಾಕ್ಷಿಗೆ ಕರೆದರೆ ಅಲ್ಲಿಯೇ ಎಡವುತ್ತಾನೆ. ಆದರೆ ಹಾಳೆಯಲ್ಲಿ ಆ ಪದವಿರುವ ಕಡೆ ಪಕಾರವೇ ಇದೆ. ಹುಲ್ಟ್ಶ್ ಪಕ್ಷಕ್ಕೆ ಮರುಮಾತಿಗೆ ಅಷ್ಟು ಎಡೆಯುಂಟು. 1980ರ ದಶಕದಲ್ಲಿ ಅದು ತುಳುವೆಂಬ ವಾದವೂ ಬಂದಿತು. ಮನೆಯಲ್ಲಿ ತುಳುವನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ನಮ್ಮ ಮಕ್ಕಳು ಇದನ್ನು ಕೇಳಿ ಕಣ್ಣರಳಿಸುತ್ತಾರೆ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಮೊದಲು, ಸಿದ್ಧಾಂತ ಅನಂತರ. ನಾನು ಕೇಳುವುದೂ ಅದೇ ಕ್ರಮವನ್ನು: ಬಾರ್ನೆಟ್ ಪಕ್ಷಕ್ಕೆ ಒಂದು ಪುಟ, ಬಳಿಕ ನಿಮ್ಮದು.

ಒಮ್ಮೆ ಒಬ್ಬ ಹುಡುಗಿ ಬರೆಯುತ್ತ ನಿಲ್ಲಿಸಿ, “ಸರ್, ಹಾಗಾದರೆ ಕನ್ನಡ ಸೋತಿತೇ?” ಎಂದಳು. ಕನ್ನಡದ ಹಳಮೆ ಈ ಒಂದು ಹಾಳೆಯ ಮೇಲೆ ನಿಂತಿಲ್ಲವೆಂದೆ. ಹಲ್ಮಿಡಿಯ ಕಲ್ಲಿನ ಕಾಲವನ್ನು ಕುರಿತು ಚರ್ಚೆಯುಂಟು, ಅದರ ಭಾಷೆಯನ್ನು ಕುರಿತು ಇಲ್ಲ. ಮುಂದಿನ ವಾರದ ಪ್ರಬಂಧಕ್ಕೆ ಅದನ್ನೇ ವಿಷಯವಾಗಿ ಕೊಟ್ಟೆ.