ಪೈಲಟ್‌ನ ಮನಿ ಒಂದೂರಾಗ, ಹಾಜರಿ ಒಂದೂರಾಗ

ನಮ್ಮ ಹುಬ್ಬಳ್ಳಿ ರೈಲ್ವೆ ಮನೆತನದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಡ್ರೈವರ್ ಇರಲಿ, ಗಾರ್ಡ್ ಇರಲಿ, ಅವರಿಗೊಂದು ಹೆಡ್‌ಕ್ವಾರ್ಟರ್ ಊರು ಇರ್ತದ. ಅಲ್ಲೇ ಹಾಜರಿ, ಅಲ್ಲೇ ಮನಿ, ಅಲ್ಲೇ ಹುಡುಗೂರ ಸಾಲಿ. ಗಾಡಿ ಒಯ್ದು ಆ ಕಡೆ ಮುಟ್ಟಿಸಿ, ರನ್ನಿಂಗ್ ರೂಮಿನ್ಯಾಗ ಮಲಗಿ ಎದ್ದು, ಮತ್ತೊಂದು ಗಾಡಿ ತಗೊಂಡು ಮನಿಗೆ ಬರ್ತಾರ. ವಿಮಾನದ ಪೈಲಟ್‌ಗೂ ಹಂಗ ಒಂದು ಊರು ಇರ್ತದ. ಅದಕ್ಕ ಹೋಮ್ ಬೇಸ್ ಅಂತಾರ, ಅಮೆರಿಕಾದಾಗ ಡೊಮಿಸೈಲ್ ಅಂತಾರ. ಆದ್ರ ಅಲ್ಲಿ ಎಷ್ಟೋ ಮಂದಿ ಪೈಲಟ್‌ಗಳು ಆ ಊರಾಗ ಮನೀನ ಮಾಡೂದಿಲ್ಲ. ಹೆಂಡ್ತಿ ಮಕ್ಕಳು ಸಾವಿರ ಮೈಲಿ ದೂರ ಇರ್ತಾರ, ಇವರು ಕೆಲಸಕ್ಕ ಹಾಜರಾಗಲಿಕ್ಕೇ ಮತ್ತೊಂದು ವಿಮಾನ ಹತ್ತಿ ಬರ್ತಾರ.

ಪೈಲಟ್ ತನ್ನ ಊರು ತಾನೇ ಆರಿಸ್ಕೋತಾನ ಅಂತ ನಾವು ತಿಳ್ಕೊಂಡಿರ್ತೀವಿ. ದೊಡ್ಡ ನೌಕರಿ, ದೊಡ್ಡ ಪಗಾರ, ಬೇಕಾದಲ್ಲಿ ಇರಬಹುದು ಅಂತ. ಹಂಗಿಲ್ಲ. ಊರು ಆರಿಸಿದ್ದು ಮೊದಲು ವಿಮಾನದ ಪೆಟ್ರೋಲು, ಆಮ್ಯಾಲೆ ಒಂದು ನಂಬರು, ಆಮ್ಯಾಲೆ ಕಂಪನಿ. ಸಂಸಾರದ ಕೈಯಾಗ ಉಳಿದದ್ದು ಮನಿ ಎಲ್ಲಿ ಮಾಡೂದು ಅನ್ನೋದು ಒಂದೇ. ಯುರೋಪಿನ ನಿಯಮದಾಗೂ ನಮ್ಮ ದೇಶದ ನಿಯಮದಾಗೂ ಹೋಮ್ ಬೇಸ್ ಅಂದ್ರ ಏನು ಅಂತ ಹೆಚ್ಚುಕಮ್ಮಿ ಒಂದೇ ರೀತಿ ಬರದಾರ. ಕಂಪನಿ ಗೊತ್ತು ಮಾಡಿದ ಊರು, ಕೆಲಸ ಶುರು ಆಗಿ ಮುಗಿಯೋ ಊರು, ಮತ್ತ ಅಲ್ಲಿ ಇರಲಿಕ್ಕೆ ಜಾಗ ಕೊಡೋ ಜವಾಬ್ದಾರಿ ಕಂಪನೀದಲ್ಲ. ಬ್ಯಾರೆ ಊರಾಗ ಇಳಿದ್ರ ಹೋಟೆಲ್ ಕೊಡ್ತಾರ, ಬೇಸ್‌ನ್ಯಾಗ ಮಾತ್ರ ಹಾಸಿಗಿ ನಿಮ್ದು ನೀವು ನೋಡ್ಕೋರಿ ಅಂತ. ಹೆಸರಿನ್ಯಾಗ ಹೋಮ್ ಅಂತ ಇದ್ರೂ ಇದು ಮನಿ ಲೆಕ್ಕ ಅಲ್ಲ, ಖರ್ಚಿನ ಲೆಕ್ಕ.

ಮೊದಲಿಂದ ನೋಡೋಣು. ಅಮೆರಿಕಾದಾಗ 1918ರ ಮೇ 15ಕ್ಕ ವಿಮಾನದ ಟಪಾಲು ಶುರು ಆತು, ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ನಡುವ. ಮೊದಲನೇ ದಿನಾನ ವಾಷಿಂಗ್ಟನ್‌ನಿಂದ ಹೊಂಟ ಪೈಲಟ್ ದಿಕ್ಕು ತಪ್ಪಿ ಬ್ಯಾರೆ ಕಡೆ ಹೋಗಿ ಇಳಿದಿದ್ದ. ಮುಂದ 1920ರ ಸೆಪ್ಟೆಂಬರ್‌ನ್ಯಾಗ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ತನಕ ದಾರಿ ತೆರದ್ರು. ಒಂದೇ ವಿಮಾನ ಅಷ್ಟು ದೂರ ಹೋಗ್ತಿರಲಿಲ್ಲ, ಒಬ್ಬನೇ ಪೈಲಟ್ಟೂ ಹೋಗ್ತಿರಲಿಲ್ಲ. ಕ್ಲೀವ್‌ಲ್ಯಾಂಡ್, ಶಿಕಾಗೋ, ಒಮಾಹಾ, ನಾರ್ತ್ ಪ್ಲಾಟ್, ಶಾಯೆನ್, ಸಾಲ್ಟ್ ಲೇಕ್ ಸಿಟಿ, ರೀನೋ ಹಿಂಗ ತುಂಡು ತುಂಡು ಮಾಡಿದ್ರು. ಪಶ್ಚಿಮದ ಕಡೆ ಈ ದಾರಿ ಬಹುತೇಕ ಯೂನಿಯನ್ ಪೆಸಿಫಿಕ್ ರೈಲಿನ ಹಳಿ ಹಿಡ್ಕೊಂಡೇ ಹೋಗ್ತದ. ನಾರ್ತ್ ಪ್ಲಾಟ್, ಶಾಯೆನ್ ಮೊದಲೇ ರೈಲ್ವೆ ಊರುಗಳು. ರೈಲು ನಿಂತಲ್ಲಿ ವಿಮಾನಾನೂ ನಿಂತ್ತು. ಹಗಲು ವಿಮಾನ ಹಾರೂದು, ಕತ್ತಲಾದ್ರ ಟಪಾಲಿನ ಚೀಲ ರೈಲಿಗೆ ಹಾಕೂದು.

ಅವಾಗ ಪೈಲಟ್‌ನ ಊರು ಅಂದ್ರ ಅವನ ತುಂಡಿನ ಒಂದು ತುದಿ. ಅವನ ವಿದ್ಯಾ ಅಂದ್ರೂ ಆ ತುಂಡೇ. ರೇಡಿಯೋ ಇಲ್ಲ, ದಾರಿ ತೋರಿಸೋ ಯಂತ್ರ ಇಲ್ಲ. ಯಾವ ಹೊಳಿ ಎಲ್ಲಿ ತಿರುಗ್ತದ, ಯಾವ ಗುಡ್ಡದ ಮ್ಯಾಲೆ ಮಂಜು ಕೂಡ್ತದ, ಯಾವ ರೈತನ ಹೊಲ ಇಳೀಲಿಕ್ಕೆ ಸಪಾಟ ಅದ, ಇವೆಲ್ಲಾ ತಲಿಯಾಗ ಇರಬೇಕು. ಅದಕ್ಕ ಅಲ್ಲೇ ಇರಬೇಕಾಗ್ತಿತ್ತು.

ಇದು ಎಷ್ಟು ಖರೆ ಅನ್ನೋದು 1921ರ ಫೆಬ್ರುವರಿ 22ರ ರಾತ್ರಿ ತಿಳೀತು. ವಿಮಾನದ ಟಪಾಲಿಗೆ ರೊಕ್ಕ ನಿಲ್ಲಸಬೇಕು ಅಂತ ಮಾತು ನಡದಿತ್ತು. ಇಲಾಖೆಯವರು, ರಾತ್ರೀನೂ ಹಾರಸ್ತೀವಿ ನೋಡ್ರಿ ಅಂತ ಪ್ರಯೋಗ ಮಾಡಿದ್ರು. ಜ್ಯಾಕ್ ನೈಟ್ ಅನ್ನೋ ಪೈಲಟ್‌ನ ಪಾಳಿ ನಾರ್ತ್ ಪ್ಲಾಟ್‌ನಿಂದ ಒಮಾಹಾ ತನಕ ಅಷ್ಟೇ. ಚಳಿಗಾಲದ ಕತ್ತಲದಾಗ ಹಾರಿ ನಡುರಾತ್ರಿ ಮ್ಯಾಲೆ ಒಮಾಹಾಕ್ಕ ಮುಟ್ಟಿದ. ಅಲ್ಲಿ ನೋಡಿದ್ರ ಮುಂದಿನ ಪೈಲಟ್ ಬಂದೇ ಇಲ್ಲ, ಹವಾ ಕೆಟ್ಟು ಶಿಕಾಗೋ ಕಡೆಯಿಂದ ವಿಮಾನ ಹೊಂಡಲಿಲ್ಲ. ಒಮಾಹಾದಿಂದ ಶಿಕಾಗೋ ದಾರಿ ನೈಟ್ ಒಮ್ಮೆನೂ ಹಾರಿರಲಿಲ್ಲ. ರಸ್ತೆ ನಕಾಶೆ ಇಟ್ಕೊಂಡು ಹೊಂಟ. ದಾರಿಯೊಳಗ ರೈತರು, ಟಪಾಲಿನ ಮಂದಿ ಬೆಂಕಿ ಹಚ್ಚಿ ಗುರುತು ತೋರಿಸಿದ್ರು. ಅಯೋವಾ ಸಿಟಿಯೊಳಗ ಪೆಟ್ರೋಲು ಹಾಕ್ಕೊಂಡು ಮುಂಜಾನೆ ಶಿಕಾಗೋ ಮುಟ್ಟಿದ. ಸ್ಯಾನ್ ಫ್ರಾನ್ಸಿಸ್ಕೋದ ಆ ಟಪಾಲು 33 ತಾಸು 20 ನಿಮಿಷಕ್ಕ ನ್ಯೂಯಾರ್ಕ್ ಸೇರ್ತು. ಪತ್ರಿಕೆ ತುಂಬ ನೈಟ್‌ನ ಹೆಸರು, ರೊಕ್ಕಾನೂ ಮಂಜೂರಾತು. ತನ್ನ ಊರಿನ ಗಡಿ ದಾಟಿ ಹಾರಿದ್ದಕ್ಕೇ ಒಬ್ಬ ಪೈಲಟ್ ಇತಿಹಾಸಕ್ಕ ಸೇರಿದ ಅಂದ್ರ, ಉಳಿದ ದಿನಕ್ಕ ಆ ಗಡಿ ಎಷ್ಟು ಗಟ್ಟಿ ಇರಬೇಕು.

ನಮ್ಮ ಕಡೆನೂ ಶುರುವಾತಿನ ದಿನ ಹಿಂಗ ಇದ್ದವು. 1932ರ ಅಕ್ಟೋಬರ್ 15ಕ್ಕ ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮ್ಯಾಲೆ ಹಾಸಿ ಮುಂಬೈಗೆ ಟಪಾಲು ತಂದ್ರು. ಅಲ್ಲಿಂದ ನೆವಿಲ್ ವಿನ್ಸೆಂಟ್ ತಗೊಂಡು ಬಳ್ಳಾರಿಯೊಳಗ ರಾತ್ರಿ ಮುಕ್ಕಾಂ ಮಾಡಿ ಮದ್ರಾಸಿಗೆ ಒಯ್ದ್ರು. ಬಳ್ಳಾರಿ ಅವಾಗ ಮದ್ರಾಸ್ ಪ್ರಾಂತದೊಳಗಿತ್ತು. ಅಲ್ಲಿ ನಿಂತದ್ದು ಊರು ಚಂದ ಅದ ಅಂತಲ್ಲ, ದಾರಿ ನಡುವ ಸಿಗ್ತದ ಅಂತ.

ಅಮೆರಿಕಾಕ್ಕ ತಿರುಗಿ ಬರೋಣು. 1925ರ ಕಾಯ್ದೆಯಿಂದ ಟಪಾಲು ಖಾಸಗಿ ಕಂಪನಿಗಳ ಕೈಗೆ ಹೋತು, ಅವೇ ಮುಂದ ದೊಡ್ಡ ಏರ್‌ಲೈನ್ ಆದವು. ವಿಮಾನ ದೊಡ್ಡವಾದಂಗ ನಡುವಿನ ಊರು ಒಂದೊಂದೇ ಬಿದ್ದವು. ಶಾಯೆನ್‌ನ್ಯಾಗ ಯುನೈಟೆಡ್‌ನವರ ರಿಪೇರಿ ಶೆಡ್ಡು, ಗಗನಸಖಿಯರ ತರಬೇತಿ ಸಾಲಿ ಎಲ್ಲಾ ಇದ್ದವು. ದೂರ ಹಾರೋ ವಿಮಾನ ಬಂದ ಮ್ಯಾಲೆ ಅಲ್ಲಿ ಇಳಿಯೋ ಗರಜೇ ಉಳೀಲಿಲ್ಲ, ಡೆನ್ವರ್ ಬೆಳೀತು. ಊರು ಆರಿಸೋ ಕೆಲಸ ಪೆಟ್ರೋಲಿನ ಕೈ ಬಿಟ್ಟು ಹೋತು.

ಅದು ಸಿಕ್ಕಿದ್ದು ನಂಬರಿನ ಕೈಗೆ. 1931ರಾಗ ಡೇವ್ ಬೆಂಕಿ ಅನ್ನೋ ಶಿಕಾಗೋದ ಪೈಲಟ್ ಮುಂದಾಗಿ ಪೈಲಟ್‌ಗಳ ಸಂಘ ಕಟ್ಟಿದ್ರು. 1936ಕ್ಕ ರೈಲ್ವೆ ಕಾರ್ಮಿಕರ ಕಾಯ್ದೆಯನ್ನೇ ತಿದ್ದಿ ವಿಮಾನದವರನ್ನೂ ಅದರೊಳಗ ತಂದ್ರು. ಅದರ ಹಿಂದ ರೈಲ್ವೆಯವರ ಸೀನಿಯಾರಿಟಿ ಪದ್ಧತಿನೂ ಬಂತು. ಕಂಪನಿಗೆ ಸೇರಿದ ತಾರೀಖಿನ ಪ್ರಕಾರ ಒಂದು ಯಾದಿ. ಒಂದೇ ದಿನ ಸೇರಿದವರೊಳಗ ಕೆಲವು ಕಂಪನಿಯೊಳಗ ವಯಸ್ಸು ಹಿರೇದು ನೋಡ್ತಾರ. ಯಾವ ಊರು, ಯಾವ ವಿಮಾನ, ಕ್ಯಾಪ್ಟನ್ ಕುರ್ಚಿನೋ ಪಕ್ಕದ ಕುರ್ಚಿನೋ, ದೀಪಾವಳಿ ಇದ್ದಂಗ ಅವರ ಕ್ರಿಸ್‌ಮಸ್ ಹಬ್ಬಕ್ಕ ರಜಾ ಸಿಗ್ತದೋ ಇಲ್ಲೋ, ಎಲ್ಲಾ ಈ ನಂಬರಿಗೇ. ಎಲ್ಲಾರೂ ತಮಗ ಬೇಕಾದದ್ದು ಬರದು ಕೊಡ್ತಾರ, ಮ್ಯಾಲಿನವರಿಗೆ ಕೊಟ್ಟು ಉಳಿದದ್ದು ಕೆಳಗಿನವರಿಗೆ. ಸಾಹೇಬರ ಕೈಕಾಲು ಹಿಡಿಯೋದು ಇಲ್ಲ, ಲಗ್ಗಾ ಹಚ್ಚೋದು ಇಲ್ಲ. ನನಗ ಕೇಳಿದ್ರ ಇದು ಭಾಳ ನ್ಯಾಯದ ಪದ್ಧತಿ. ಆದ್ರ ಇದಕ್ಕೊಂದು ಕೆಟ್ಟ ಗುಣ ಅದ. ಈ ನಂಬರು ಕಂಪನಿ ಜೋಡಿ ಹುಟ್ಟಿ ಕಂಪನಿ ಜೋಡಿ ಸಾಯ್ತದ. 1991ರಾಗ ಈಸ್ಟರ್ನ್ ಮುಚ್ಚಿತು, ಅದೇ ವರ್ಷ ಪ್ಯಾನ್ ಆಮ್ ಮುಚ್ಚಿತು. ಇಪ್ಪತ್ತು ಮೂವತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಬ್ಯಾರೆ ಕಡೆ ಕೆಲಸಕ್ಕ ಸೇರಿದ್ರ ಯಾದಿಯ ತಳದಾಗ, ನಿನ್ನೆ ಬಂದ ಹುಡುಗನ ಕೆಳಗ. ಊರು ಆರಿಸೋ ಹಕ್ಕೂ ಅಲ್ಲಿಗೆ ಹೋತು.

ಅದಕ್ಕಿಂತ ದೊಡ್ಡ ತಿರುವು 1978ರಾಗ ಬಂತು. ಅಲ್ಲಿ ತನಕ ಯಾವ ಕಂಪನಿ ಯಾವ ಊರಿಗೆ ಹಾರಬೇಕು, ಟಿಕೀಟು ಎಷ್ಟು ಇರಬೇಕು ಎಲ್ಲಾ ಸರ್ಕಾರ ಹೇಳ್ತಿತ್ತು. ದಾರಿ ಬದಲಾಗ್ತಿರಲಿಲ್ಲ, ಬೇಸ್ ಬದಲಾಗೂದೂ ಕಮ್ಮಿ. ಒಂದೂರಾಗ ಮನಿ ಕಟ್ಟಿದ್ರ ಮಕ್ಕಳ ಲಗ್ನ ತನಕ ಅಲ್ಲೇ ಇರಬಹುದಿತ್ತು. ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ಕಾಯ್ದೆ ಈ ಕಟ್ಟು ಬಿಚ್ಚಿತು. ಕಂಪನಿಗಳು ಹಬ್ ಮಾಡ್ಕೊಂಡವು. ಗಾಲಿಯ ಕಡ್ಡಿ ಎಲ್ಲಾ ನಡುವ ಬಂದು ಕೂಡ್ತಾವಲ್ಲ, ಹಂಗ ಸುತ್ತಲಿನ ಊರಿನ ವಿಮಾನ ಎಲ್ಲಾ ಒಂದೇ ಊರಿಗೆ ಬಂದು ಅಲ್ಲಿಂದ ಮತ್ತ ಹೋಗೂದು. ಹಬ್ ಬಂದ ಊರಿಗೆ ಬೇಸ್ ಬಂತು. ಲಾಭ ಇಲ್ಲ ಅಂದ್ರ ಹಬ್ ಮುಚ್ಚಿದ್ರು, ಬೇಸೂ ಹೋತು.

ಸೇಂಟ್ ಲೂಯಿಸ್ ನೋಡ್ರಿ. ಟಿಡಬ್ಲ್ಯೂಎ ಕಂಪನಿಯ ದೊಡ್ಡ ಹಬ್ಬು. 2001ರಾಗ ಅಮೆರಿಕನ್ ಏರ್‌ಲೈನ್ಸ್ ಅದನ್ನ ಕೊಂಡ್ಕೊಂತು. ಟಿಡಬ್ಲ್ಯೂಎ ಪೈಲಟ್‌ಗಳೊಳಗ ಸುಮಾರು ಅರ್ಧ ಮಂದೀನ್ನ ಹೊಸ ಯಾದಿಯ ತಳದಾಗ ಸೇರಿಸಿದ್ರು. ಸೇಂಟ್ ಲೂಯಿಸ್ ಊರಿನ ಮಟ್ಟಿಗೆ ಅವರಿಗೆ ಒಂದಿಷ್ಟು ರಕ್ಷಣೆ ಕೊಟ್ಟಿದ್ರು. 2003ಕ್ಕ ಆ ಊರಿನ ವಿಮಾನಗಳೇ ಅರ್ಧಕ್ಕ ಇಳಿದವು, 2010ರ ಹೊತ್ತಿಗೆ ಹಬ್ಬೇ ಮುಗೀತು. ಊರೇ ಇಲ್ಲದ ಮ್ಯಾಲೆ ಊರಿನ ರಕ್ಷಣೆ ಯಾತಕ್ಕ ಬಂತು? ಪಿಟ್ಸ್‌ಬರ್ಗ್‌ದ್ದೂ ಇದೇ ಕಥಿ. ಇನ್ನ 2007ರಾಗ ನಿವೃತ್ತಿ ವಯಸ್ಸು 60ರಿಂದ 65ಕ್ಕ ಏರಿತು. ಮ್ಯಾಲಿನವರು ಐದು ವರ್ಷ ಕುರ್ಚಿ ಬಿಡಲಿಲ್ಲ, ಕೆಳಗಿನವರು ಬ್ಯಾಡಾದ ಊರಾಗೇ ಉಳಿದ್ರು.

ಈಗ ಒಬ್ಬ ಗ್ರಹಿಣಿಯ ಕಣ್ಣಿಂದ ನೋಡ್ರಿ. ಬೇಸ್ ಬದಲಾದಾಗೊಮ್ಮೆ ಮನಿ ಮಾರಿ, ಹುಡುಗೂರ ಸಾಲಿ ಬಿಡಿಸಿ, ವಯಸ್ಸಾದ ತಾಯಿ ತಂದೀನ್ನ ಬಿಟ್ಟು ಯಾರು ಗಂಟು ಕಟ್ತಾರ? ಆಕಿಗೂ ಒಂದು ನೌಕರಿ ಇರ್ತದ. ಪೈಲಟ್‌ಗೆ ಜಂಪ್‌ಸೀಟ್ ಅನ್ನೋ ಪುಕ್ಕಟೆ ಸೀಟಿನ ಸವಲತ್ತು ಅದ, ಬ್ಯಾರೆ ಕಂಪನಿ ವಿಮಾನದಾಗೂ ಹೋಗಬಹುದು. ಹಂಗಾಗಿ ಮನಿ ಇದ್ದಲ್ಲೇ ಇರ್ತದ, ಗಂಡ ಹೋಗಿ ಬರ್ತಾನ. ರೊಕ್ಕದ ಕಾರಣಾನೂ ಅದ. ಅಲ್ಲಿಯ ಕಾಯ್ದೆ ಪ್ರಕಾರ ವಿಮಾನದವರ ಪಗಾರಕ್ಕ ರಾಜ್ಯದ ತೆರಿಗಿ ಸಾಮಾನ್ಯವಾಗಿ ಮನಿ ಇದ್ದ ರಾಜ್ಯಕ್ಕೇ ಹೋಗ್ತದ. ಫ್ಲಾರಿಡಾ, ಟೆಕ್ಸಸ್‌ನ್ಯಾಗ ಆ ತೆರಿಗೀನ ಇಲ್ಲ. ನ್ಯೂಯಾರ್ಕ್‌ನ್ಯಾಗ ಬೇಸ್, ಫ್ಲಾರಿಡಾದಾಗ ಮನಿ ಅಂದ್ರ ಉಳಿತಾಯ. ನ್ಯೂಯಾರ್ಕ್ ಅಂತೂ ತುಟ್ಟಿ ಊರು, ಬೇಕು ಅನ್ನೋರು ಕಮ್ಮಿ. ಅದಕ್ಕ ಅಲ್ಲಿ ಹೊಸಬರೇ ಬಂದು ಬೀಳ್ತಾರ. ಹೊಸಬರ ಪಗಾರ ಎಲ್ಲಾರಿಗಿಂತ ಕಮ್ಮಿ, ಅವರ ಪಾಲಿಗೆ ಬಂದ ಊರು ಎಲ್ಲಾದಕ್ಕಿಂತ ತುಟ್ಟಿ. ಅವರು ಹತ್ತು ಹನ್ನೆರಡು ಮಂದಿ ಕೂಡಿ ಒಂದು ಫ್ಲಾಟ್ ಬಾಡಗಿ ಹಿಡೀತಾರ, ಒಬ್ಬ ಎದ್ದ ಹಾಸಿಗಿಯೊಳಗ ಮತ್ತೊಬ್ಬ ಮಲಗೂದು. ಇದಕ್ಕ ಕ್ರ್ಯಾಶ್ ಪ್ಯಾಡ್ ಅಂತಾರ. ನ್ಯೂಯಾರ್ಕ್‌ನ ಕ್ಯೂ ಗಾರ್ಡನ್ಸ್ ಬಡಾವಣೆಯೊಳಗ ಇಂಥಾವು ಎಷ್ಟು ಅಂದ್ರ, ಮಂದಿ ಅದಕ್ಕ ಕ್ರೂ ಗಾರ್ಡನ್ಸ್ ಅಂತ ಚಾಷ್ಟಿ ಮಾಡ್ತಾರ.

ಇದು ಬರೇ ತ್ರಾಸಿನ ಮಾತಾಗಿದ್ರ ಇಷ್ಟು ಬರೀತಿರಲಿಲ್ಲ. 2009ರ ಫೆಬ್ರುವರಿ 12ರ ರಾತ್ರಿ ಕೋಲ್ಗನ್ ಏರ್ ಕಂಪನಿಯ ವಿಮಾನ ನೆವಾರ್ಕ್‌ನಿಂದ ಹೊಂಟು ಬಫಲೋ ಹತ್ತರ ಒಂದು ಮನಿ ಮ್ಯಾಲೆ ಬಿತ್ತು. ವಿಮಾನದಾಗಿದ್ದ 49 ಮಂದಿ, ಮನಿಯೊಳಗಿದ್ದ ಒಬ್ಬರು, ಒಟ್ಟು 50 ಜೀವ. ಇಬ್ಬರೂ ಪೈಲಟ್‌ಗಳ ಬೇಸ್ ನೆವಾರ್ಕ್. ಕ್ಯಾಪ್ಟನ್‌ನ ಮನಿ ಫ್ಲಾರಿಡಾದಾಗ, ಜೋಡಿ ಪೈಲಟ್ ಹುಡುಗಿಯ ಮನಿ ಸಿಯಾಟಲ್ ಕಡೆ, ದೇಶದ ಆ ತುದಿಗೆ. ಆಕಿ ಹಿಂದಿನ ರಾತ್ರಿ ಸರಕಿನ ವಿಮಾನದಾಗ ಮೆಂಫಿಸ್‌ಗೆ ಬಂದು, ಅಲ್ಲಿಂದ ಮತ್ತೊಂದರಾಗ ಮುಂಜಾನೆ ನೆವಾರ್ಕ್ ಮುಟ್ಟಿದ್ದಳು. ಕ್ಯಾಪ್ಟನ್ ಸಿಬ್ಬಂದಿ ಕೋಣೆಯೊಳಗ ರಾತ್ರಿ ಕಳದಿದ್ದ, ಅಲ್ಲಿ ಮಲಗಬಾರದು ಅಂತ ಕಂಪನಿ ನಿಯಮ ಇತ್ತು. ಇಬ್ಬರಿಗೂ ಅಲ್ಲಿ ತಮ್ಮದು ಅಂತ ಒಂದು ಹಾಸಿಗಿ ಇರಲಿಲ್ಲ. ತನಿಖಾ ಮಂಡಳಿ ಅಪಘಾತದ ಕಾರಣ ಅಂತ ಹೇಳಿದ್ದು ಕ್ಯಾಪ್ಟನ್ ವಿಮಾನವನ್ನ ತಪ್ಪು ರೀತಿ ಎಳದದ್ದನ್ನ. ದಣಿವಿನ ಪರಿಣಾಮ ಇದ್ದಿರಬಹುದು, ಎಷ್ಟು ಅಂತ ಖಚಿತ ಹೇಳಲಿಕ್ಕೆ ಬರೂದಿಲ್ಲ ಅಂತ ಬರದ್ರು. ಆದ್ರ ಲೆಕ್ಕ ತಗದಾಗ ನೆವಾರ್ಕ್ ಬೇಸ್‌ನ ಆ ಕಂಪನಿಯ 137 ಪೈಲಟ್‌ಗಳೊಳಗ 93 ಮಂದಿ ಬ್ಯಾರೆ ಊರಿಂದ ಬರೋರೇ ಇದ್ರು. ಮಂದಿ ಟೀವಿ ಮುಂದ ಕೂತು ಪೈಲಟ್‌ಗಳನ್ನ ಬೈದ್ರು. ಅಷ್ಟು ಕಮ್ಮಿ ಪಗಾರಕ್ಕ ಅಂಥಾ ತುಟ್ಟಿ ಊರಾಗ ಬೇಸ್ ಕೊಟ್ಟವರನ್ನೂ ಬೈಬೇಕಿತ್ತು ಅಂತ ನನಗನಸ್ತದ.

ಸತ್ತವರ ಮನಿಯವರು ಸುಮ್ಮನ ಕೂಡಲಿಲ್ಲ, ವಾಷಿಂಗ್ಟನ್‌ಗೆ ಎಡತಾಕಿ ಎಡತಾಕಿ 2010ಕ್ಕ ಹೊಸ ಕಾಯ್ದೆ ತರಸಿದ್ರು. ಅದರ ಪ್ರಕಾರ ತಜ್ಞರು ದೂರದಿಂದ ಬಂದು ಕೆಲಸ ಮಾಡೋ ಪೈಲಟ್‌ಗಳ ಮ್ಯಾಲೆ ಅಭ್ಯಾಸ ಮಾಡಿ 2011ರಾಗ ವರದಿ ಕೊಟ್ಟರು. 2014ರ ಜನವರಿಯಿಂದ ಹೊಸ ವಿಶ್ರಾಂತಿ ನಿಯಮ ಬಂತು. ಕೆಲಸಕ್ಕ ಮೊದಲು 10 ತಾಸು ಬಿಡುವು, ಅದರೊಳಗ 8 ತಾಸು ನಿದ್ದಿಗೆ ಅವಕಾಶ, ಹಾರೋ ಮೊದಲು ನಾನು ಸರಿಯಾಗಿದ್ದೀನಿ ಅಂತ ಪೈಲಟ್ ಒಪ್ಪಿ ಹೇಳಬೇಕು. ಮನಿ ಎಲ್ಲಿ ಇರಬೇಕು ಅನ್ನೋದರ ಬಗ್ಗೆ ಮಾತ್ರ ಏನೂ ಕಟ್ಟು ಮಾಡಲಿಲ್ಲ. ಹೋಗಿ ಬರೋ ವ್ಯಾಳ್ಯಾ ಕೆಲಸದ ಲೆಕ್ಕಕ್ಕ ಇಲ್ಲ, ಅದು ಅವರವರ ಪಾಲಿಂದು.

ಈಗಲೂ ಅಲ್ಲಿ ಎಷ್ಟೋ ಸಂಸಾರ ಹಂಗೇ ನಡದಾವ. ಭಾಳ ಕಂಪನಿಗಳ ಒಪ್ಪಂದದಾಗ, ಹಾಜರಾಗಲಿಕ್ಕೆ ಒಂದಲ್ಲ ಎರಡು ವಿಮಾನ ನೋಡಿಟ್ಕೊಂಡಿದ್ದು ಎರಡೂ ತಪ್ಪಿದ್ರ ಶಿಕ್ಷಾ ಇಲ್ಲ ಅಂತ ಒಂದು ಕಲಮು ಇರ್ತದ. ಅದಕ್ಕ ಅವರು ಮನಿ ಹುಡುಕೋ ಮುಂದ ಅಡಗಿಮನಿ, ಹಿತ್ತಲ, ಸಾಲಿ ನೋಡೋಕಿಂತ ಮೊದಲು, ಆ ಊರಿಂದ ಬೇಸ್‌ಗೆ ದಿನಕ್ಕ ಎಷ್ಟು ವಿಮಾನ ಅದಾವ, ಮೊದಲನೇದು ಮುಂಜಾನೆ ಎಷ್ಟಕ್ಕ ಹೊಂಡ್ತದ ಅಂತ ನೋಡ್ತಾರ.